ಫ್ರಾನ್ಸಿನ ಬೋಟಿ ಸಂಸ್ಕೃತಿ, ನಮ್ಮ ಕೇರಿಯ ಬೋಟಿ ಹೊಲಸು!



ಈ ಸಲ ವೈನ್ ಬಗ್ಗೆ ಬರೀತೀನಿ, ನಗಬ್ಯಾಡ್ರಿ. ಕಾಗಿನೆಲೆ ಸೀಮೆಯ ಒಬ್ಬ ಗುಮಾಸ್ತನಿಗೆ ಫ್ರಾನ್ಸ್ ದೇಶದ ವೈನ್ ಉಸಾಬರಿ ಯಾಕ್ ಬೇಕು ಅನ್ನೋರು ಕೊನೇತನಕ ಓದ್ರಿ. ಪೋಸ್ಟ್ ಉದ್ದ ಐತಿ, ಆದ್ರೆ ವಿಷಯ ನಮ್ಮದೇ.

ನವೆಂಬರ್ ಬಂತಂದ್ರ ನಮ್ಮ ಕಡೆ ಕನಕ ಜಯಂತಿ ಮಾತು. ಕಾಗಿನೆಲೆಗೆ ಕಾರುಗಳ ಸಾಲು ಬರ್ತದ, ಹಾವೇರಿ ಏಲಕ್ಕಿ ಹಾರ ದೊಡ್ಡವರ ಕೊರಳಿಗೆ ಬೀಳ್ತಾವ, ಜಾತಿ ಹೋಗಬೇಕು ಅಂತ ಭಾಷಣ ಆಗ್ತಾವ. ಅದೇ ತಿಂಗಳ ಮೂರನೇ ಗುರುವಾರ ಫ್ರಾನ್ಸಿನಲ್ಲಿ ಇನ್ನೊಂದು ಹಬ್ಬ. ಆ ವರ್ಷದ ದ್ರಾಕ್ಷಿಯಿಂದ ತೆಗೆದ ಹೊಸ ವೈನ್ ಮಾರಾಟಕ್ಕೆ ಬಿಡೋ ದಿನ ಅದು. ಹೆಸರು ಬೋಜೊಲೆ ನೂವೋ. ಲಿಯೋನ್ ಅನ್ನೋ ಪಟ್ಟಣದ ಉತ್ತರಕ್ಕಿರೋ ಗುಡ್ಡದ ಸೀಮೆ ಬೋಜೊಲೆ. ಅಲ್ಲಿ ಬೆಳೆಯೋ ದ್ರಾಕ್ಷಿ ತಳಿ ಗಮೇ. ಈ ವೈನಿಗೆ ಯಾವ ಊಟ ಹೊಂದತದ ಅನ್ನೋ ಪಾಠ ಈಗ ನಮ್ಮ ದೇಶದ ಪೇಪರ್ ಪುರವಣಿಗಳಿಗೂ ಮೊಬೈಲ್ ರೀಲ್‌ಗಳಿಗೂ ಬಂದೈತಿ. ಬೆಂಗಳೂರಿನ ಮೇಲ್ಜಾತಿ ಸಾಹುಕಾರರ ಮಕ್ಕಳು ಕಲಿಯೋ ಆ ಪಾಠ ನಾವೂ ಒಮ್ಮೆ ಓದೋಣ.

ಕೆಂಪು ವೈನ್ ಅಂದ್ರೆ ಸಾಮಾನ್ಯವಾಗಿ ಒಗರು. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಒಗರು ಅದು, ನೇರಳೆಹಣ್ಣು ತಿಂದಾಗ ನಾಲಿಗೆ ಹಿಡೀತದಲ್ಲ, ಹಂಗ. ಬೋಜೊಲೆ ಹಂಗಲ್ಲ. ಅಲ್ಲಿ ದ್ರಾಕ್ಷಿಯನ್ನ ಜಜ್ಜದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ತುಂಬತಾರೆ. ಮುಚ್ಚಿದ ತೊಟ್ಟಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು, ಹಣ್ಣಿನ ಒಳಗೇ ಹುದುಗು ಶುರುವಾಗ್ತದೆ. ಅದಕ್ಕೇ ಒಗರು ಕಡಿಮೆ, ಹುಳಿ ಜಾಸ್ತಿ, ಹಣ್ಣಿನ ವಾಸನೆ ಜಾಸ್ತಿ, ಬಣ್ಣ ತೆಳು. ಉಳಿದ ಕೆಂಪು ವೈನ್ ಹಂಗ ಬೆಚ್ಚಗೆ ಕುಡಿಯಲ್ಲ, 12ರಿಂದ 14 ಡಿಗ್ರಿಗೆ ತಂಪು ಮಾಡಿ ಕೊಡ್ತಾರೆ.

ಇನ್ನು ಊಟ. ನಿಯಮ ಎರಡೇ. ಕೊಬ್ಬಿದ್ದ ಊಟಕ್ಕೆ ಹುಳಿ ಬೇಕು. ನಾವು ಬೋಟಿ ಮೇಲೆ ನಿಂಬೆಹಣ್ಣು ಹಿಂಡ್ತೀವಲ್ಲ, ಲೆಕ್ಕ ಅದೇ. ಎರಡನೇದು, ಖಾರ-ಮಸಾಲೆಗೆ ಒಗರು ಆಗಿಬರಲ್ಲ. ಒಗರು ಜಾಸ್ತಿ ಇದ್ರೆ ಖಾರ ಇನ್ನೂ ಉರೀತದ. ಒಗರು ಕಡಿಮೆ, ಹುಳಿ ಜಾಸ್ತಿ ಇರೋ ಈ ವೈನ್ ಅದಕ್ಕೇ ಹಂದಿ ಮಾಂಸಕ್ಕೆ, ಹುರಿದ ಕೋಳಿಗೆ, ಅಣಬೆಗೆ ಸರಿ. ಆದರೆ ಲಿಯೋನ್ ಪಟ್ಟಣದವರು ಈ ವೈನ್ ಜೊತೆ ತಲೆತಲಾಂತರದಿಂದ ತಿನ್ನೋದು ಏನು ಗೊತ್ತಾ?

ದನದ ಹೊಟ್ಟೆ ಚೀಲ ತೊಳೆದು, ಬೇಯಿಸಿ, ಬ್ರೆಡ್ ಪುಡಿ ಹಚ್ಚಿ ಕರೆದದ್ದು. ಅದಕ್ಕೊಂದು ದೊಡ್ಡ ಹೆಸರು: ತಾಬ್ಲಿಯೇ ದ ಸಪ್ಯೂರ್. ಕರುಳಿನ ಒಳಗೆ ಕರುಳೇ ತುಂಬಿದ ಸಾಸೇಜ್: ಆಂದುಯೆತ್. ಹಂದಿ ರಕ್ತ ಹೆಪ್ಪುಗಟ್ಟಿಸಿ ತುಂಬಿದ ಸಾಸೇಜ್: ಬೂದೆಂ. ಆಮೇಲೆ ಹಂದಿ ಕಾಲು, ಕರುವಿನ ತಲೆ, ಕೋಳಿಯ ಈಲಿ.

ಹೊಟ್ಟೆ, ಕರುಳು, ರಕ್ತ, ಕಾಲು, ತಲೆ, ಈಲಿ. ಗೆಳೆಯರೇ, ಇದಕ್ಕೆ ನಮ್ಮ ಕೇರಿಯಲ್ಲಿ ಏನಂತಾರೆ? ಬೋಟಿ ಅಂತಾರೆ. ರಕ್ತದ ಪಲ್ಯ ಅಂತಾರೆ. ತಲೆ-ಕಾಲು ಸಾರು ಅಂತಾರೆ. ಊರಿನವರು ಒಳ್ಳೆ ಖಂಡ ತಾವಿಟ್ಟುಕೊಂಡು ಉಳಿದದ್ದನ್ನ ನಮ್ಮ ಅಜ್ಜ-ಅಜ್ಜಿಯರ ಕಡೆ ಎಸೆದ್ರು. ಎಸೆದದ್ದನ್ನೇ ನಮ್ಮ ಅಜ್ಜಿಯರು ಸುಣ್ಣ-ಬಿಸಿನೀರು ಹಾಕಿ ಉಜ್ಜಿ ತೊಳೆದು, ಜ್ವಾಳದ ರೊಟ್ಟಿಗೆ ಹೊಂದೋ ಹಂಗ ಬೇಯಿಸಿದ್ರು. ಅದೇ ಅಡುಗೆಯನ್ನ ಪರದೇಶದವರು ಬಿಳಿ ತಟ್ಟೆಯಲ್ಲಿಟ್ಟು ಫ್ರೆಂಚ್ ಹೆಸರು ಕೊಟ್ರೆ ನಮ್ಮ ಮೇಲ್ಜಾತಿಯವರಿಗೆ 'ಗುರ್ಮೆ' ಊಟ. ಫ್ರಾನ್ಸಿಗೆ ಹೋಗಿ ಬಂದವರು ಫೋಟೋ ಹಾಕ್ತಾರೆ, ಆಹಾ ಅಂತಾರೆ. ಕೇರಿ ದಾಟೋವಾಗ ಮೂಗಿಗೆ ಕರವಸ್ತ್ರ ಹಿಡ್ಕೋತಾರೆ.

ಈಗ ಚರಿತ್ರೆ ಕೇಳ್ರಿ, ಇನ್ನೂ ಮಜಾ ಐತಿ.

ಈ ಗಮೇ ದ್ರಾಕ್ಷಿನೂ ಒಂದು ಕಾಲಕ್ಕೆ ಊರಾಚೆ ಹಾಕಿಸಿಕೊಂಡದ್ದೇ. 1395ರಲ್ಲಿ ಬರ್ಗಂಡಿ ಸೀಮೆಯ ಡ್ಯೂಕ್ ಎರಡನೇ ಫಿಲಿಪ್ ಒಂದು ಆಜ್ಞೆ ಹೊರಡಿಸಿದ. ಗಮೇ ಕೆಟ್ಟ ತಳಿ, ದ್ರೋಹಿ ತಳಿ, ಬುಡಸಮೇತ ಕಿತ್ತುಹಾಕಿ ಅಂತ. ಅವನಿಗೆ ಬೇಕಾದದ್ದು ಪಿನೋ ಅನ್ನೋ 'ಕುಲೀನ' ದ್ರಾಕ್ಷಿ. ಗಮೇ ಬಡ ರೈತರ ಬೆಳೆ. ಬೇಗ ಬೆಳೀತದ, ಜಾಸ್ತಿ ಕೊಡ್ತದ. ಗಿಡಕ್ಕೂ ಕುಲ ಹಚ್ಚೋ ರಾಜರು ಎಲ್ಲಾ ದೇಶದಾಗೂ ಇದ್ರು ನೋಡ್ರಿ. ಹೊರಗೆ ಹಾಕಿಸಿಕೊಂಡ ಗಮೇ ದಕ್ಷಿಣದ ಬೋಜೊಲೆ ಗುಡ್ಡಗಳ ಕಲ್ಲುನೆಲದಲ್ಲಿ ಬೇರು ಬಿಟ್ಟು ಬದುಕಿತು.

ಆ ವೈನ್ ಕುಡಿದವರು ಯಾರು? ಲಿಯೋನಿನ ರೇಷ್ಮೆ ನೇಕಾರರು. ಅವರನ್ನ ಕನ್ಯೂ ಅಂತ ಕರೀತಿದ್ರು. ನಸುಕಿನಿಂದ ಮಗ್ಗದ ಮುಂದೆ ದುಡಿದು, ಬೆಳಗಿನ ಹೊತ್ತಿಗೆ ಹೊಟ್ಟೆ ಹಸಿದಾಗ ಸಣ್ಣ ಖಾನಾವಳಿಗಳಿಗೆ ಬಂದು ಈ ಕರುಳು-ಬೋಟಿ ತಿಂದು, 46 ಸೆಂಟಿಲೀಟರ್ ಹಿಡಿಯೋ ದಪ್ಪ ತಳದ ಬಾಟಲಿಯಿಂದ ಬೋಜೊಲೆ ಕುಡೀತಿದ್ರು. ಆ ಬೆಳಗಿನ ಊಟಕ್ಕೆ ಮಾಶೋನ್ ಅಂತ ಹೆಸರು. ಇದೇ ನೇಕಾರರು 1831ರಲ್ಲಿ, ಮತ್ತೆ 1834ರಲ್ಲಿ ಕೂಲಿ ದರಕ್ಕಾಗಿ ದಂಗೆ ಎದ್ದವರು. ಸೈನ್ಯ ಬಂದು ಗುಂಡು ಹಾರಿಸಿತು. ದುಡಿಯೋ ಜನರ ಚರಿತ್ರೆಯಲ್ಲಿ ಆ ಎರಡು ದಂಗೆಗೆ ದೊಡ್ಡ ಜಾಗ ಐತಿ.

ಇವತ್ತು ಲಿಯೋನ್ ಆ ನೇಕಾರರ ಊಟವನ್ನ ಮುಚ್ಚಿಡಲ್ಲ. ಬೂಶೋನ್ ಅಂತ ಕರೆಯೋ ಆ ಸಣ್ಣ ಖಾನಾವಳಿಗಳೇ ಪಟ್ಟಣದ ಹೆಮ್ಮೆ. ಬಡವರ ಕರುಳು-ಬೋಟಿ, ಬಡವರ ವೈನ್, ಎರಡೂ ಸೇರಿ ಊರಿನ ಹೆಸರಾತು. ಅಲ್ಲಿ ಬಡತನ ಇತ್ತು, ಶೋಷಣೆ ಇತ್ತು, ಗುಂಡೇಟು ಇತ್ತು. ಆದ್ರೆ ಬೋಟಿ ತಿಂದವನನ್ನ ಮುಟ್ಟಿದ್ರೆ ಮೈಲಿಗೆ ಅನ್ನೋದು ಇರಲಿಲ್ಲ. ಅದಕ್ಕೇ ಅಲ್ಲಿ ಊಟ ಮೇಲೆ ಬರೋವಾಗ ಊಟ ಮಾಡಿದವರ ಹೆಸರೂ ಜೊತೆಗೆ ಮೇಲೆ ಬಂತು. ಇಲ್ಲಿ ಹಂಗಲ್ಲ. ಇಲ್ಲಿ ಪದಾರ್ಥ ಮೇಲೆ ಹೋಗ್ತದ, ಮನುಷ್ಯ ಕೆಳಗೇ ಉಳೀತಾನ. ನಾನು ಹೇಳಬೇಕಂತಿರೋದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ಮೊದಲ ಸಾಕ್ಷಿ, 2007ನೇ ಇಸವಿ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಬಡವರ ಮನೆ ಹಾಳು ಮಾಡೋ ಪಿಡುಗು ಅಂದ್ರು. ಸರಿ, ಒಪ್ಪೋಣ. ಅದೇ 2007ರಲ್ಲಿ ಇದೇ ಸರ್ಕಾರದಿಂದ ಇನ್ನೊಂದು ಕಾಗದ ಹೊರಟಿತು: ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ. ಅದಕ್ಕೊಂದು ಮಂಡಳಿ, ದ್ರಾಕ್ಷಾರಸ ಮಂಡಳಿ. ಅಬಕಾರಿ ಇಲಾಖೆ ಕೆಳಗೆ ಅಲ್ಲ, ತೋಟಗಾರಿಕೆ ಇಲಾಖೆ ಕೆಳಗೆ! ಸಾರಾಯಿ ಕುಡಿದವನಿಗೆ ಪೊಲೀಸು, ವೈನ್ ಕುಡಿದವನಿಗೆ ತೋಟಗಾರಿಕೆ. ಆಮೇಲೆ ಬೆಂಗಳೂರು, ಮೈಸೂರಿನಲ್ಲಿ ವೈನ್ ಮೇಳ ಆದವು. ಮೇಳದಲ್ಲಿ ರುಚಿ ನೋಡೋದು ಹೆಂಗೆ, ಗ್ಲಾಸ್ ಹಿಡಿಯೋದು ಹೆಂಗೆ ಅಂತ ತರಬೇತಿ. ಒಂದೇ ವರ್ಷ, ಒಂದೇ ವಿಧಾನಸೌಧ, ಎರಡು ಕಾಗದ. ಒಂದರಲ್ಲಿ ನಾವು 'ಪಿಡುಗು', ಇನ್ನೊಂದರಲ್ಲಿ ಅವರು 'ಸಂಸ್ಕೃತಿ'.

ಸಂವಿಧಾನದ 47ನೇ ವಿಧಿ ತೆಗೆದು ನೋಡ್ರಿ. ಅಮಲು ಪಾನೀಯಗಳ ಸೇವನೆ ನಿಷೇಧಿಸೋ ಕಡೆ ಸರ್ಕಾರ ಪ್ರಯತ್ನ ಮಾಡಬೇಕು ಅಂತೈತಿ. ದ್ರಾಕ್ಷಿಗೊಂದು ಕಾನೂನು, ಕಾಕಂಬಿಗೊಂದು ಕಾನೂನು ಅಂತ ಅಲ್ಲಿ ಬರೆದಿಲ್ಲ. 2022ರ ಜನವರಿಯಲ್ಲಿ ಪಕ್ಕದ ಮಹಾರಾಷ್ಟ್ರ ಸರ್ಕಾರ ಸೂಪರ್ ಮಾರ್ಕೆಟ್‌ನಲ್ಲೂ ವೈನ್ ಮಾರಬಹುದು ಅಂತ ತೀರ್ಮಾನ ಮಾಡಿತು. ಆಗ ಆಡಳಿತ ಪಕ್ಷದ ನಾಯಕರೊಬ್ಬರು ವೈನ್ ಅಂದ್ರೆ ಮದ್ಯವೇ ಅಲ್ಲ ಅಂತ ವಾದ ಮಾಡಿದ್ರು. ವಿರೋಧ ಜೋರಾದ ಮೇಲೆ ಅದು ಅಲ್ಲಿಗೇ ನಿಂತಿತು. ಆದ್ರೆ ಆ ಮಾತು ನೆನಪಿಡ್ರಿ. ದೊಡ್ಡವರು ಕುಡಿದ್ರೆ ಅದು ಮದ್ಯವೇ ಅಲ್ಲವಂತೆ!

'ಅಣ್ಣಾ, ಹಂಗಾದ್ರೆ ನೀವು ಸಾರಾಯಿ ಪರ ಏನು?' ಅಂತ ಕಾಮೆಂಟ್ ಹಾಕೋರು ಸ್ವಲ್ಪ ತಡೀರಿ. ಬಾಬಾಸಾಹೇಬರು ಕುಡಿತ ಮುಟ್ಟಿದವರಲ್ಲ. ಪ್ರೊ. ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿ ಕಾಲದಿಂದ ಹೆಂಡ ಬೇಡ ಅಂದು ಭೂಮಿ ಕೇಳಿದವರು, ಶಾಲೆ ಕೇಳಿದವರು ನಾವು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ 200 ಕಿಲೋಮೀಟರ್ ಮೇಲೆ ನಡೆದು ಹೋದ್ರು. ಹಳ್ಳಿಯ ಕೂಲಿ ಹೆಣ್ಮಕ್ಕಳು. ಕಾಲಲ್ಲಿ ಬೊಬ್ಬೆ ಬಂದ್ರೂ ನಡೆದ್ರು. ಕುಡಿತದ ಏಟು ಮೊದಲು ಬೀಳೋದು ಆ ಅವ್ವಂದಿರ ಬೆನ್ನಿಗೆ. ಅವರ ಮಾತಿಗೆ ನನ್ನ ಮಾತಿಲ್ಲ. ನಾನು ಕೇಳೋದು, ಆ ಅವ್ವಂದಿರಿಗೆ ಸಿಗದ ಮಂಡಳಿ ದ್ರಾಕ್ಷಾರಸಕ್ಕೆ ಹೆಂಗೆ ಸಿಕ್ತು?

ಸಾರಾಯಿ ಬಂದ್ ಆದ ಮೇಲೆ ಕೇರಿಯಲ್ಲಿ ಕುಡಿತ ನಿಂತಿತಾ? ಸಾರಾಯಿ ಪ್ಯಾಕೆಟ್ ಹೋತು, 90 ಎಂ.ಎಲ್. ಟೆಟ್ರಾ ಪ್ಯಾಕೆಟ್ ಬಂತು. ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ ಕದ್ದು ಮಾರೋದು ಯಾರಿಗೆ ಗೊತ್ತಿಲ್ಲ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ರಸ್ತೆಗೆ ಹೋದ್ರೂ ದೊಡ್ಡ ಬೋರ್ಡ್ 'ವೈನ್ಸ್'. ಒಳಗೆ ಹೋಗಿ ವೈನ್ ಕೇಳ್ರಿ, ಅಂಗಡಿಯವ ನಿಮ್ಮ ಮುಖ ನೋಡ್ತಾನ. ಹೆಸರು ಮಾತ್ರ ವೈನ್, ಮಾರೋದು ಅಗ್ಗದ ವಿಸ್ಕಿ. 2025-26ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಆ ದುಡ್ಡಲ್ಲಿ ಬೋಜೊಲೆ ಕುಡಿಯೋರ ಪಾಲು ಎಷ್ಟು, ದಿನಗೂಲಿ ಮಾಡಿ ಸಂಜೆ ಪ್ಯಾಕೆಟ್ ಕತ್ತರಿಸೋರ ಪಾಲು ಎಷ್ಟು ಅಂತ ಊಹಿಸೋಕೆ ಬಿ.ಎ. ಓದಬೇಕಿಲ್ಲ. 2023ರ ಬಜೆಟ್‌ನಲ್ಲಿ ಎಲ್ಲ ಸ್ಲ್ಯಾಬ್‌ಗಳ ಮೇಲೂ ಶೇ. 20ರಷ್ಟು ಸುಂಕ ಏರಿಸಿದ್ರು. ಮರುವರ್ಷ, 2024ರಲ್ಲಿ, ದುಬಾರಿ ಮದ್ಯದ ಸುಂಕ ಮಾತ್ರ ಇಳಿಸಿದ್ರು. ಶ್ರೀಮಂತ ಗಿರಾಕಿ ಪಕ್ಕದ ರಾಜ್ಯಕ್ಕೆ ಹೋಗ್ತಾನಂತೆ. ಬಡವ ಎಲ್ಲಿಗೆ ಹೋಗ್ತಾನ? ಅವನ ಪ್ಯಾಕೆಟ್ ರೇಟ್ ಇಳಿಸ್ರಿ ಅಂತ ನಾನು ಕೇಳ್ತಿಲ್ಲ. ಯಾರ ಬಗ್ಗೆ ಸರ್ಕಾರಕ್ಕೆ ಮರುಕ ಬರ್ತದ ಅನ್ನೋದು ನೋಡ್ರಿ ಅಂತಿದೀನಿ.

ಎರಡನೇ ಸಾಕ್ಷಿ, ರೈತರ ಹೆಸರು.

ವೈನ್ ಪರ ವಾದ ಮಾಡೋರೆಲ್ಲ ಕಡೆಗೆ ಹಿಡಿಯೋ ಕೊಡೆ ಇದು: ರೈತರಿಗೆ ಅನುಕೂಲ. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ಬೆಳೀತಾರೆ ನಿಜ. ಆದ್ರೆ ಅದರಲ್ಲಿ ಬಹುಪಾಲು ತಿನ್ನೋ ದ್ರಾಕ್ಷಿ, ಒಣದ್ರಾಕ್ಷಿ. ವೈನಿಗೆ ಬೇಕಾದ ಫ್ರೆಂಚ್ ತಳಿ ಬೆಳೆಯೋದು ಕಡಿಮೆ ಜನ. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕಂಪನಿಯವರು 1980ರ ದಶಕದ ಕೊನೆಗೆ ಫ್ರೆಂಚ್ ತಳಿ ಹಚ್ಚಿ, ಫ್ರಾನ್ಸಿನಿಂದ ಮಿಶೆಲ್ ರೋಲಾಂ ಅನ್ನೋ ತಜ್ಞನನ್ನ ಸಲಹೆಗೆ ಕರೆಸಿದ್ರು. ಬಂಡವಾಳ ಇದ್ದವರು ಮಾಡಿದ್ರು, ಮಾಡಲಿ. ಆದ್ರೆ ದ್ರಾಕ್ಷಿ ತೋಟದಲ್ಲಿ ಚಾಟ್ನಿ ಮಾಡೋರು, ಅಂದ್ರೆ ಬಳ್ಳಿ ಕತ್ತರಿಸೋರು, ಔಷಧಿ ಹೊಡೆಯೋರು, ಗೊಂಚಲು ಕೊಯ್ಯೋರು ಯಾರು? ಭೂಮಿ ಇಲ್ಲದ ನಮ್ಮ ಹೆಣ್ಮಕ್ಕಳು, ಗಂಡುಮಕ್ಕಳು. ವೈನ್ ನೀತಿಯ ಭಾಷಣದಲ್ಲಿ 'ರೈತ' ಇದ್ದಾನ, ಆ ಕೂಲಿಯವಳ ಹೆಸರು ಒಮ್ಮೆಯಾದ್ರೂ ಕೇಳೀರಾ?

ರೈತರ ಮೇಲೆ ಅಷ್ಟು ಪ್ರೀತಿ ಇದ್ರೆ ನಮ್ಮ ಜಿಲ್ಲೆ ಕಡೆ ನೋಡ್ರಿ. ವೈನ್ ನೀತಿ ಬಂದ ಮರುವರ್ಷ, 2008ರ ಜೂನ್ 10ರಂದು, ಇದೇ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯ್ತು. ಇಬ್ಬರು ಸತ್ತರು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ಬೆಲೆ ಒಮ್ಮೆಲೇ ಬಿದ್ದು, ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಉರೀತು. ಶ್ರೀಮಂತರ ಗ್ಲಾಸಿಗೆ ಹೋಗೋ ಬೆಳೆಗೆ ನೀತಿ, ಮಂಡಳಿ, ಮೇಳ. ಬಡವರ ಕುಟ್ಟಿದ ಖಾರಕ್ಕೆ ಹೋಗೋ ಬೆಳೆಗೆ ಲಾಠಿ.

ಮೂರನೇ ಸಾಕ್ಷಿ, ತಾಟು.

2024ರ ಡಿಸೆಂಬರ್‌ನಲ್ಲಿ ಮಂಡ್ಯದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಳಿಗೆ ಹಾಕೋರಿಗೆ ಒಂದು ಸೂಚನೆ ಹೊರಟಿತ್ತು. ನೆನಪೈತಲ್ಲ? ಮದ್ಯ, ತಂಬಾಕು, ಮಾಂಸಾಹಾರ, ಮೂರೂ ನಿಷೇಧ. ಒಂದೇ ಸಾಲಿನಲ್ಲಿ! ಬಾಡೂಟ ತಿನ್ನೋದು, ಬೀಡಿ ಸೇದೋದು, ಕುಡಿಯೋದು ಅವರಿಗೆ ಒಂದೇ ಜಾತಿಯ ತಪ್ಪು. ಪ್ರಗತಿಪರ ಸಂಘಟನೆಯವರು ಬಾಡೂಟ ಬೇಕು ಅಂತ ಹೋರಾಟ ಮಾಡಿದ್ದು ನಾಲಿಗೆ ಚಪಲಕ್ಕಲ್ಲ, ಆ ಸಾಲಿಗೆ ಉತ್ತರ ಕೊಡೋಕೆ.

ದನದ ಮಾತು ಬಿಡೋ ಹಂಗಿಲ್ಲ. ಬೋಜೊಲೆ ಪಕ್ಕದ ಶಾರೊಲೆ ಸೀಮೆ ಬಿಳಿ ದನಗಳ ಮಾಂಸಕ್ಕೆ ಹೆಸರುವಾಸಿ. ಅದರ ಜೊತೆ ಯಾವ ವೈನ್ ಅಂತ ಅಲ್ಲಿಯವರು ಗಂಟೆಗಟ್ಟಲೆ ಮಾತಾಡ್ತಾರೆ. ನಮ್ಮಲ್ಲಿ 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೇ 50,000ದಿಂದ 5 ಲಕ್ಷದವರೆಗೆ ದಂಡ. ಫ್ರಾನ್ಸಿಗೆ ಹೋಗಿ ತಿಂದು ಬಂದವ ಪ್ರವಾಸ ಕಥನ ಬರೀತಾನ. ಅಗ್ಗಕ್ಕೆ ಸಿಗೋ ಮಾಂಸ ಅಂತ ತಿಂದ ಕೇರಿಯವ ಬಾಗಿಲು ಹಾಕ್ಕೊಂಡು ತಿನ್ನಬೇಕು.

ನಾನು ಮೊದಲು ಕೆಲಸ ಮಾಡ್ತಿದ್ದ ಒಂದು ಕಚೇರಿ ಮಾತು ಹೇಳ್ತೀನಿ. ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿದ ಕೂಡಲೇ ಒಬ್ಬರು ಎದ್ದು ಕಿಟಕಿ ತೆಗೀತಿದ್ರು. ಡಬ್ಬಿಯಲ್ಲಿ ಇರ್ತಿದ್ದದ್ದು ರೊಟ್ಟಿ, ಬದ್ನಿಕಾಯಿ ಪಲ್ಯ! ಅದೇ ಸಾಹೇಬರು ಬೀಳ್ಕೊಡುಗೆ ಪಾರ್ಟಿಯಲ್ಲಿ ಚಿಕನ್ ಕಾಲು ಹಿಡ್ಕೊಂಡು, 'ನೀವೂ ತಗೋರಿ, ನಿಮಗೆ ಇದೆಲ್ಲ ರೂಢಿ ಅಲ್ವಾ' ಅಂದ್ರು. ಬದನೆಕಾಯಿಗೂ ನಮ್ಮ ಜಾತಿ ವಾಸನೆ, ಅವರ ಕೋಳಿಗೆ ವಾಸನೆಯೇ ಇಲ್ಲ. ವಾಸನೆ ಇರೋದು ಡಬ್ಬಿಯಲ್ಲಿ ಅಲ್ಲ ಅಂತ ಅವತ್ತು ಎದುರಿಗೇ ಹೇಳಿದೆ. ಕಿಟಕಿ ತೆಗೆಯೋದು ನಿಂತಿತು.

ಈಗ ಕನಕದಾಸರ ಮಾತಿಗೆ ಬರೋಣ, ಯಾಕಂದ್ರ ಈ ಜಗಳ ಅವರಿಗೆ ಗೊತ್ತಿತ್ತು. 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ. ನಾನು ದೇವರಿಗೆ ಬೇಕಾದವ, ಬ್ರಾಹ್ಮಣರಿಗೆ ಬೇಕಾದವ, ನೀನು ಹೀನ ಅಂತ ಅಕ್ಕಿ ಬೈತದ. ನ್ಯಾಯ ರಾಮನ ಮುಂದೆ ಹೋಗ್ತದ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸ್ತಾನ. ಅಕ್ಕಿ ಸೊರಗಿ ಕೆಟ್ಟಿತು, ರಾಗಿ ಗಟ್ಟಿಯಾಗಿ ಉಳೀತು. ಗೆದ್ದದ್ದು ರಾಗಿ. ಕುರುಬರ ಕುಲದಾಗ ಹುಟ್ಟಿದ ಕನಕರಿಗೆ, ಜಾತಿ ಮೊದಲು ಒಲೆ ಹತ್ತಿರ ಬಂದು ಕೂಡ್ತದ ಅನ್ನೋದು ಅಷ್ಟು ಹಿಂದೆಯೇ ಗೊತ್ತಿತ್ತು. ಕಾಗಿನೆಲೆಗೆ ಬಂದು ಭಾಷಣ ಮಾಡೋ ಮಹನೀಯರು ಆ ಪುಸ್ತಕವನ್ನ ಒಮ್ಮೆ ಓದಿದ್ರೆ, ಆ ದಿನದ ಊಟದ ಪಂಕ್ತಿಯಲ್ಲಿ ರಾಗಿ-ಜ್ವಾಳಕ್ಕೆ, ಬಾಡಿಗೆ ಎಷ್ಟು ಜಾಗ ಐತಿ ಅಂತ ಎಣಿಸಿ ನೋಡ್ತಿದ್ರು.

ನಮ್ಮ ಹುಡುಗ-ಹುಡುಗಿಯರಿಗೆ ಒಂದು ಮಾತು. ಬೆಂಗಳೂರಿಗೆ ಹೋಗಿ ನೌಕರಿ ಹಿಡಿದ ಮೇಲೆ ವೈನ್ ಗ್ಲಾಸ್ ಹಿಡಿದು ಫೋಟೋ ಹಾಕಿದ್ರೆ ಜಾತಿ ಕಳೀತದ ಅಂತ ತಿಳಿಬ್ಯಾಡ್ರಿ. ಮೇಲ್ಜಾತಿ ಗೆಳೆಯರ ಮುಂದೆ 'ಅವ್ವ ಬೋಟಿ ಮಾಡ್ತಾಳ' ಅನ್ನೋಕೆ ನಾಚಬ್ಯಾಡ್ರಿ. ಅವರದೇ ಪುಸ್ತಕದ ನಿಯಮ ಹಿಡಿದು ಲೆಕ್ಕ ಹಾಕ್ರಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕೈತಿ. ಅದರ ಗುಣ ಏನು? ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿ ಖಾರ ಹಾಕಿ, ಮೇಲೆ ಜಿಡ್ಡು ತೇಲೋ ಹಂಗ ಅವ್ವ ಮಾಡೋ ಬೋಟಿ ಐತಲ್ಲ, ಆ ತೆಳು ಹುಳಿ ವೈನಿಗೆ ಅದಕ್ಕಿಂತ ಹೊಂದೋ ಊಟ ಫ್ರಾನ್ಸಿನವರಿಗೂ ಸಿಗಲ್ಲ. ಆದ್ರೆ ಅವ್ವನ ಬೋಟಿ ದೊಡ್ಡದಾಗೋಕೆ ಆ ವೈನ್ ಬೇಕಾಗಿಲ್ಲ. ಕುಡಿಯದೇ ಇರೋದು ಇನ್ನೂ ಒಳ್ಳೇದು. ನಿಂಬೆಹಣ್ಣು ಸಾಕು, ಹಸಿ ಉಳ್ಳಾಗಡ್ಡಿ ಸಾಕು, ಜೊತೆಗೆ ಕೂತು ಉಣ್ಣೋ ಮನುಷ್ಯ ಬೇಕು.

ಆದ್ದರಿಂದ ಸರ್ಕಾರಕ್ಕೆ, ಸಂಘಟನೆಗಳಿಗೆ ನಮ್ಮ ಬೇಡಿಕೆ ಇವು:

1. ಕುಡಿತ ಕೆಟ್ಟದ್ದಾದ್ರೆ ಎಲ್ಲರಿಗೂ ಕೆಟ್ಟದ್ದು. ದ್ರಾಕ್ಷಿಗೆ ಮೇಳ, ಬಡವನಿಗೆ ಉಪದೇಶ ಅನ್ನೋ ಎರಡು ತಕ್ಕಡಿ ಬಂದ್ ಆಗಬೇಕು. ಸರ್ಕಾರದ ದುಡ್ಡಲ್ಲಿ ವೈನ್ ಮೇಳ ಬೇಡ.

2. ಹಳ್ಳಿಯ ಹೆಣ್ಮಕ್ಕಳು ಗ್ರಾಮಸಭೆಯಲ್ಲಿ ಮದ್ಯದಂಗಡಿ ಬೇಡ ಅಂದ್ರೆ ಆ ಮಾತೇ ಕೊನೆ ಮಾತಾಗಬೇಕು. ಕಿರಾಣಿ ಅಂಗಡಿಯ ಕಳ್ಳ ಮಾರಾಟಕ್ಕೆ ಅಬಕಾರಿ ಅಧಿಕಾರಿಗಳೇ ಜವಾಬ್ದಾರಿ.

3. 40,000 ಕೋಟಿ ಗುರಿಯ ದುಡ್ಡು ನಮ್ಮ ಕೇರಿಗಳಿಂದ ಹೋಗ್ತದ. ಅದರಲ್ಲಿ ಒಂದು ಪಾಲು ಗೊತ್ತುಮಾಡಿ ಕೇರಿಗಳಿಗೇ ಮರಳಬೇಕು: ತಾಲ್ಲೂಕಿಗೊಂದು ಸರ್ಕಾರಿ ವ್ಯಸನಮುಕ್ತಿ ಕೇಂದ್ರ, ಹೆಣ್ಮಕ್ಕಳ ಹಾಸ್ಟೆಲ್.

4. ದ್ರಾಕ್ಷಿ ತೋಟದ ಕೂಲಿಗಳಿಗೆ ಕನಿಷ್ಠ ಕೂಲಿ, ಔಷಧಿ ಹೊಡೆಯೋರಿಗೆ ರಕ್ಷಣೆ. ಇದು ಆಗದೆ ಯಾವ ವೈನರಿಗೂ ರಿಯಾಯಿತಿ ಬೇಡ.

5. ಸಮ್ಮೇಳನ, ಜಯಂತಿ, ಹಾಸ್ಟೆಲ್, ಎಲ್ಲಿ ಸರ್ಕಾರದ ಊಟ ಐತೋ ಅಲ್ಲಿ ಮಾಂಸಾಹಾರಕ್ಕೂ ಪಂಕ್ತಿ ಇರಬೇಕು. ತಿನ್ನದವರಿಗೆ ಬಲವಂತ ಇಲ್ಲ, ತಿನ್ನೋರಿಗೆ ನಿಷೇಧ ಇಲ್ಲ.

ಫ್ರಾನ್ಸಿನ ಡ್ಯೂಕ್ 1395ರಲ್ಲಿ ಗಮೇ ಬಳ್ಳಿಯನ್ನ ಕೀಳಿಸಿದ. ಆ ಡ್ಯೂಕ್ ಈಗಿಲ್ಲ, ಬಳ್ಳಿ ಐತಿ. ನಮ್ಮನ್ನೂ ಬಹಳ ಜನ ಕೀಳೋಕೆ ನೋಡಿದ್ರು. ನಾವೂ ಇದೀವಿ, ನಮ್ಮ ಒಲೆ ಉರೀತೈತಿ. ಈ ಭಾನುವಾರ ಯಾರ ಮನೆಯಲ್ಲಿ ಬೋಟಿ ಐತೋ ಅವರು ಫೋಟೋ ಹಾಕ್ರಿ, ಕೆಳಗೆ ಅವ್ವನ ಹೆಸರು ಬರೀರಿ. ನಾಚೋರು ನಾಚಲಿ.

ಓದಿ, ಹಂಚಿ, ನಿಮ್ಮ ಊರಿನ ಮಾತು ಕಾಮೆಂಟ್‌ನಲ್ಲಿ ಬರೀರಿ.

ಜೈ ಭೀಮ್.